ಮಳೆಯ ನಷ್ಟ ಯಾರ ಖಾತೆಗೆ?

ಮಳೆಗಾಲ ಸಮೀಪಿಸುತ್ತಿದೆ. ಲಾರಿ ಸ್ಟ್ಯಾಂಡಿನಲ್ಲಿ ಹರಿದ ಟಾರ್ಪಾಲುಗಳಿಗೆ ತೇಪೆ ಬೀಳುತ್ತಿದೆ. ಸವೆದ ಟೈರುಗಳನ್ನು ಇನ್ನೊಂದು ತಿಂಗಳು ಎಳೆಯಬಹುದೇ ಎಂದು ಮಾಲೀಕರು ಬಗ್ಗಿ ನೋಡುತ್ತಿದ್ದಾರೆ. ಮಂಡಿಯ ಅಂಗಡಿಕಾರರು ಎಣ್ಣೆ ಡಬ್ಬಗಳನ್ನೂ ಗೊಬ್ಬರದ ಚೀಲಗಳನ್ನೂ ಈಗಲೇ ತುಂಬಿಸಿಟ್ಟುಕೊಳ್ಳಲು ಸಾಲಕ್ಕೆ ಓಡಾಡುತ್ತಿದ್ದಾರೆ. ಕಾಫಿ ಕ್ಯೂರಿಂಗ್ ಕಾರ್ಖಾನೆಯ ಬಾಗಿಲಲ್ಲಿ ದಿನಗೂಲಿಯ ಹೆಣ್ಣುಮಕ್ಕಳು, “ಈ ಸಲ ಘಟ್ಟ ಎಷ್ಟು ದಿನ ಮುಚ್ಚುತ್ತಾರೋ” ಎಂದು ಮಾತಾಡಿಕೊಳ್ಳುತ್ತಿದ್ದಾರೆ.

ಮಳೆ ಎಂದರೆ ರೈತನ ಬಾಳು. ಮಳೆ ಬೇಡವೆನ್ನುವ ಮೂರ್ಖರು ನಾವಲ್ಲ. ಆದರೆ ಘಟ್ಟದ ಮೇಲಿನ ಊರುಗಳಲ್ಲಿ ಬಾಳುವ ನಮಗೆ ಮಳೆಯ ಜೊತೆಗೇ ಇನ್ನೊಂದು ಚಿಂತೆಯೂ ಬರುತ್ತದೆ. ಮಂಗಳೂರಿನ ಬಂದರಿಗೂ ನಮಗೂ ನಡುವೆ ಇರುವುದು ಒಂದು ಘಟ್ಟ. ಆ ಘಟ್ಟದ ದಾರಿ ಮುಚ್ಚಿದ ದಿನ ಲಾರಿ ನಿಲ್ಲುತ್ತದೆ. ಲಾರಿ ನಿಂತರೆ ಕಾರ್ಖಾನೆ ಕುಂಟುತ್ತದೆ, ಅಂಗಡಿ ಬರಿದಾಗುತ್ತದೆ, ಕೂಲಿ ತಪ್ಪುತ್ತದೆ. ಈ ನಷ್ಟವನ್ನು ಯಾರಾದರೂ ಹೊರಲೇಬೇಕು. ಯಾರು ಹೊರುತ್ತಿದ್ದಾರೆ? ಯಾರು ಹೊರಬೇಕು? ಈ ವಾರ ನಾವು ಓದುಗರ ಮುಂದಿಡುವ ಪ್ರಶ್ನೆ ಇದು.

ವರ್ಷ ಬಿಟ್ಟು ವರ್ಷ

ಮೊದಲು ನಡೆದದ್ದನ್ನು ನೆನೆಯೋಣ. ಶಿರಾಡಿ ಘಟ್ಟದ ರಸ್ತೆಗೆ ಕಾಂಕ್ರೀಟು ಹಾಕಲೆಂದು 2018ರ ಜನವರಿಯಿಂದ ಜುಲೈವರೆಗೆ ದಾರಿ ಮುಚ್ಚಿದ್ದರು. ಆರು ತಿಂಗಳು ಜನ ಸಹಿಸಿದರು. ಜುಲೈ ನಡುವಿನಲ್ಲಿ ದಾರಿ ತೆರೆಯಿತು. ಆಗಸ್ಟ್ ನಡುವಿನಲ್ಲಿ ಗುಡ್ಡ ಜರಿಯಿತು. ಕೊಡಗಿನಲ್ಲಿ ಊರುಗಳೇ ಕೊಚ್ಚಿಹೋದ ಆ ವಾರ ಶಿರಾಡಿಯೂ ಮುಚ್ಚಿತು, ಮಡಿಕೇರಿ-ಸಂಪಾಜೆ ದಾರಿಯೂ ಮುಚ್ಚಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲು ಹಳಿಯ ಮೇಲೂ ಮಣ್ಣು ಬಂಡೆ ಬಿದ್ದು ವಾರಗಟ್ಟಲೆ ರೈಲು ನಿಂತಿತು. ಭಾರಿ ಲಾರಿಗಳಿಗೆ ಶಿರಾಡಿ ಮತ್ತೆ ತೆರೆಯಲು ತಿಂಗಳುಗಳೇ ಹಿಡಿದವು.

ಮರುವರ್ಷ, 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. ಅಲ್ಲಿ ರಸ್ತೆ ಅನೇಕ ಕಡೆ ಕುಸಿದು ಭಾರಿ ವಾಹನಗಳಿಗೆ ನಿರ್ಬಂಧ ಬಂತು. ಅದೇ ತಿಂಗಳ ಕೊನೆಯಲ್ಲಿ ಮಂಗಳೂರಿನ ಅಂಚಿನಲ್ಲೇ, ಪಡೀಲು-ಜೋಕಟ್ಟೆ ನಡುವಣ ಕುಲಶೇಖರದಲ್ಲಿ ರೈಲು ಹಳಿಯ ಮೇಲೆ ಗುಡ್ಡ ಜಾರಿತು. 2021ರಲ್ಲಿಯೂ 2022ರಲ್ಲಿಯೂ ಜುಲೈ ತಿಂಗಳಲ್ಲಿ ಸಕಲೇಶಪುರದಾಚೆ ದೋಣಿಗಾಲ್ ಬಳಿ ಹೆದ್ದಾರಿಯ ಅಂಚು ಕುಸಿಯಿತು. 2024ರ ಜುಲೈ ಕೊನೆಯಲ್ಲಿ ದೊಡ್ಡತಪ್ಪಲಿನಲ್ಲಿ ಗುಡ್ಡ ರಸ್ತೆಗಿಳಿದು ವಾಹನಗಳು ಕೆಸರಿನಲ್ಲಿ ಹೂತವು. ಅದೇ ತಿಂಗಳ 26ರಂದು ಎಡಕುಮರಿ-ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣು ಜಾರಿ ರೈಲು ನಿಂತಿತು.

ಒಮ್ಮೆ ಆದರೆ ಅಪಘಾತ. ಎರಡು ಸಲ ಆದರೆ ದುರದೃಷ್ಟ ಎನ್ನೋಣ. ಮಳೆಗಾಲದ ಮೇಲೆ ಮಳೆಗಾಲ ಹೀಗೇ ಆಗುವುದನ್ನು ಏನೆಂದು ಕರೆಯಬೇಕು? ಶಾಲೆಯಲ್ಲಿ ಮಗುವೊಂದು ಇದೇ ಲೆಕ್ಕವನ್ನು ಆರು ಸಲ ತಪ್ಪು ಮಾಡಿದರೆ ಮೇಷ್ಟ್ರು ಅದೃಷ್ಟವನ್ನು ದೂರುವುದಿಲ್ಲ. ಪಾಠ ಸರಿಯಾಗಿ ಆಗಿಲ್ಲ ಎನ್ನುತ್ತಾರೆ.

ಸರ್ವಋತು ಬಂದರು, ಬೇಸಗೆಯ ದಾರಿ

ಹಿಂದೆ ಮಂಗಳೂರಿಗೆ ಇದ್ದುದು ನೇತ್ರಾವತಿಯೂ ಗುರುಪುರ ನದಿಯೂ ಕಡಲು ಸೇರುವೆಡೆಯ ಹಳೆಯ ಬಂದರು. ಮಳೆಗಾಲ ಬಂದರೆ ಅಳಿವೆಯ ಅಲೆಗೆ ಹೆದರಿ ಮಂಜಿಗಳು ದಡ ಸೇರುತ್ತಿದ್ದವು; ಬಂದರಿನ ವ್ಯಾಪಾರ ಆ ತಿಂಗಳುಗಳಲ್ಲಿ ಮಲಗುತ್ತಿತ್ತು. ವ್ಯಾಪಾರಿಗೂ ಗೊತ್ತು, ಗಾಡಿಯವನಿಗೂ ಗೊತ್ತು, ಹಮಾಲಿಗೂ ಗೊತ್ತು. ಎಲ್ಲರೂ ಅದಕ್ಕೆ ತಕ್ಕಂತೆ ಕೂಡಿಟ್ಟುಕೊಳ್ಳುತ್ತಿದ್ದರು, ಇಲ್ಲವೇ ಬೇರೆ ಕೆಲಸ ಹುಡುಕುತ್ತಿದ್ದರು.

ಅದು ಸಾಲದೆಂದು ಪಣಂಬೂರಿನಲ್ಲಿ ನೆಲವನ್ನೇ ಅಗೆದು ಹೊಸ ಬಂದರನ್ನು ಕಟ್ಟಿದರು. 1962ರಲ್ಲಿ ಕೆಲಸ ಶುರುವಾಗಿ, 1974ರಲ್ಲಿ ಅದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಣೆಯಾಯಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಮಳೆಗಾಲದಲ್ಲೂ ದೊಡ್ಡ ಹಡಗು ಒಳಗೆ ಬರಬಹುದು ಎಂಬುದೇ ಅದರ ಹೆಮ್ಮೆ. ಸರ್ವಋತು ಬಂದರು! ಮಾತು ನಿಜ. ಹಡಗು ಬರುತ್ತದೆ. ಆದರೆ ಹಡಗಿನಿಂದಿಳಿದ ಸರಕು ಘಟ್ಟ ಹತ್ತಬೇಕಲ್ಲ? ಬಂದರು ಸರ್ವಋತುವಿನದು, ದಾರಿ ಬೇಸಗೆಯದು. ಮನೆಗೆ ಭದ್ರವಾದ ಹೆಬ್ಬಾಗಿಲು ಮಾಡಿಸಿ, ಮೆಟ್ಟಿಲನ್ನು ಹಸಿಮಣ್ಣಿನಲ್ಲಿ ಕಟ್ಟಿದ ಹಾಗಾಯಿತು.

ಘಟ್ಟದಿಂದ ಇಳಿಯುವುದು ಕಾಫಿ. ಬಂದರಿನಿಂದ ಹತ್ತುವುದು ಗೊಬ್ಬರ, ಅಡಿಗೆ ಎಣ್ಣೆ, ಕಲ್ಲಿದ್ದಲು, ಮರ, ಅಡಿಗೆ ಅನಿಲ. ಇದರಲ್ಲಿ ಒಂದು ಸಂಗತಿ ಗಮನಿಸತಕ್ಕದ್ದು. ಪೆಟ್ರೋಲು ಡೀಸೆಲುಗಳಿಗೆ ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ನೆಲದೊಳಗೆ ಕೊಳವೆ ಹಾಕಿ ಇಪ್ಪತ್ತು ವರ್ಷ ದಾಟಿತು. ಮೇಲೆ ರಸ್ತೆ ಕುಸಿದರೂ ಕೆಳಗೆ ಎಣ್ಣೆ ಹರಿಯುತ್ತಲೇ ಇರುತ್ತದೆ. ಒಳ್ಳೆಯದೇ. ನಾವು ಅದನ್ನು ದೂರುವುದಿಲ್ಲ. ಮನಸ್ಸು ಮಾಡಿದರೆ ಈ ಘಟ್ಟದಲ್ಲಿ ಮಳೆಗೆ ಜಗ್ಗದ ದಾರಿ ಮಾಡುವುದು ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ. ಸಣ್ಣವನ ಸರಕಿಗೆ ಮಾತ್ರ ಆ ಮನಸ್ಸು ಇನ್ನೂ ಬಂದಿಲ್ಲ.

ಲಾರಿ ನಿಲ್ಲುವ ಬಗೆ

ಬಿರುಮಳೆ ಗಾಳಿಗೆ ಲಾರಿ ನಿಲ್ಲುವುದು ಮೂರು ಕಡೆ. ಮೊದಲನೆಯದು ಕಡಲಲ್ಲಿ. ಚಂಡಮಾರುತದ ಸೂಚನೆ ಬಂದರೆ ಬಂದರಿನಲ್ಲಿ ಅಪಾಯದ ಸಂಕೇತ ಏರಿಸುತ್ತಾರೆ. 1ರಿಂದ 11ರವರೆಗೆ ಸಂಖ್ಯೆಗಳಿವೆ. ಸಂಖ್ಯೆ ಏರಿದಂತೆ ಅಪಾಯ ದೊಡ್ಡದು. ಹಡಗುಗಳು ಹೊರಕಡಲಿಗೆ ಹೋಗಬೇಕು, ಕ್ರೇನುಗಳನ್ನು ಬಿಗಿದು ಕಟ್ಟಬೇಕು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮಂಗಳೂರಿನ ಹೊರಕಡಲಲ್ಲಿದ್ದ ಟಗ್ಗೊಂದು ಮಗುಚಿತು. ಇನ್ನೊಂದು ಮೂಲ್ಕಿಯ ಹತ್ತಿರ ಬಂಡೆಗೆ ಸಿಕ್ಕಿಕೊಂಡಿತು. ಅದರಲ್ಲಿದ್ದ 9 ಮಂದಿಯನ್ನು ನೌಕಾಪಡೆ, ಕರಾವಳಿ ಕಾವಲುಪಡೆಗಳು ಪ್ರಯಾಸದಿಂದ ಉಳಿಸಿದವು. ಅಂಥ ದಿನ ಕೆಲಸ ನಿಲ್ಲಿಸುವುದೇ ಸರಿ.

ಎರಡನೆಯದು ಧಕ್ಕೆಯಲ್ಲಿ. ಗಾಳಿಯಿಲ್ಲದಿದ್ದರೂ ಜಡಿಮಳೆ ಹಿಡಿದರೆ ಗೊಬ್ಬರವನ್ನಾಗಲಿ ಧಾನ್ಯವನ್ನಾಗಲಿ ಇಳಿಸುವಂತಿಲ್ಲ. ಹಡಗಿನ ಉಗ್ರಾಣಕ್ಕೆ ಮುಚ್ಚಳ ಹಾಕಿ ಕಾಯಬೇಕು. ಆಗ ಹೊರಗೆ ಹೆದ್ದಾರಿಯುದ್ದಕ್ಕೂ ಲಾರಿಗಳು ಸಾಲುಗಟ್ಟುತ್ತವೆ. ಮಳೆ ನಿಂತ ಗಳಿಗೆಯಲ್ಲಿ ಎಲ್ಲಕ್ಕೂ ಒಮ್ಮೆಲೇ ಅವಸರ.

ಮೂರನೆಯದು ಘಟ್ಟದಲ್ಲಿ. ಜಿಲ್ಲಾಧಿಕಾರಿಗಳ ಆದೇಶ ಬರುತ್ತದೆ: ಇಂದು ಸಂಜೆಯಿಂದ ಭಾರಿ ವಾಹನ ಸಂಚಾರ ನಿಷೇಧ. ಜೀವದ ದೃಷ್ಟಿಯಿಂದ ಆ ಆದೇಶವೂ ಸರಿಯೇ. ಆದರೆ ಆ ವೇಳೆಗೆ ಗುಂಡ್ಯದಲ್ಲೋ ಮಾರನಹಳ್ಳಿಯಲ್ಲೋ ಇರುವ ಡ್ರೈವರ್ ಎಲ್ಲಿಗೆ ಹೋಗಬೇಕು? ಆಗುಂಬೆಯ ತಿರುವುಗಳಲ್ಲಿ ಭಾರಿ ಲಾರಿಗೆ ಎಡೆಯಿಲ್ಲ. ಚಾರ್ಮಾಡಿಯಲ್ಲಿ ನಿರ್ಬಂಧ. ಸಂಪಾಜೆಯ ದಾರಿ ಅದೇ ಮಳೆಗೆ ನಡುಗುತ್ತಿರುತ್ತದೆ. ಕೊನೆಗೆ ಕರಾವಳಿ ಹಿಡಿದು ಅಂಕೋಲೆಗೆ ಹೋಗಿ, ಯಲ್ಲಾಪುರದ ಘಟ್ಟ ಹತ್ತಿ, ಹುಬ್ಬಳ್ಳಿಯಿಂದ ಸುತ್ತಿ ಬರಬೇಕು. ಬೆಂಗಳೂರಿಗೆ ಹೋಗುವವನಿಗೆ ದಾರಿ ಸುಮಾರು ಇಮ್ಮಡಿ. ಆ ಘಟ್ಟವಾದರೂ ಭದ್ರವೇ? 2021ರ ಜುಲೈಯಲ್ಲಿ ಅರಬೈಲಿನಲ್ಲೂ ಗುಡ್ಡ ಜರಿದಿತ್ತು.

ದೊಡ್ಡವರ ಕರಾರಿನಲ್ಲಿ ಮಳೆಯಿದೆ

ಹಡಗಿನ ಬಾಡಿಗೆ ಕರಾರುಗಳಲ್ಲಿ ಒಂದು ಮಾತು ವಾಡಿಕೆಯಾಗಿ ಇರುತ್ತದೆ. ನಮ್ಮ ಕಾರ್ಮಿಕ ಬಂಧುಗಳು ಅದನ್ನು ಅವಶ್ಯವಾಗಿ ತಿಳಿಯಬೇಕು. ಹಡಗಿಗೆ ಸರಕು ತುಂಬಲು, ಇಳಿಸಲು ಇಷ್ಟು ದಿನ ಎಂದು ಗೊತ್ತು ಮಾಡುತ್ತಾರೆ. ಆ ಗಡುವು ಮೀರಿದರೆ ಹಡಗನ್ನು ಬಾಡಿಗೆಗೆ ಹಿಡಿದವನು ದಂಡ ಕೊಡಬೇಕು. ಆದರೆ ಆ ದಿನಗಳನ್ನು ಎಣಿಸುವಾಗ “ಹವೆ ಅನುಕೂಲವಿದ್ದ ಕೆಲಸದ ದಿನ” ಎಂಬ ಷರತ್ತು ಹಾಕಿರುತ್ತಾರೆ. ಎಂದರೆ, ಮಳೆಯಿಂದ ಕೆಲಸ ನಿಂತ ಹೊತ್ತು ಲೆಕ್ಕಕ್ಕೆ ಸೇರುವುದಿಲ್ಲ. ಮಳೆ ಬಂದಾಗ ದಂಡದ ಗಡಿಯಾರ ನಿಲ್ಲುತ್ತದೆ.

ನೋಡಿದಿರಾ? ದೊಡ್ಡ ದೊಡ್ಡ ಕಂಪನಿಗಳು ತಮ್ಮ ತಮ್ಮೊಳಗೆ ಕರಾರು ಬರೆದುಕೊಳ್ಳುವಾಗ ಮಳೆಯನ್ನು ಮರೆತಿಲ್ಲ. ಮಳೆ ಬರುತ್ತದೆ, ಅದಕ್ಕೆ ಯಾರೂ ಹೊಣೆಯಲ್ಲ, ಆದುದರಿಂದ ಆ ಹೊತ್ತನ್ನು ಬಿಟ್ಟು ಎಣಿಸೋಣ ಎಂದು ಸಮನಾಗಿ ಕೂತು ಒಪ್ಪಿಕೊಂಡಿದ್ದಾರೆ. ಇದು ನ್ಯಾಯವಾದ ಮಾತು. ನಮ್ಮ ತಕರಾರು ಇಷ್ಟೇ: ಈ ನ್ಯಾಯ ಧಕ್ಕೆಯ ಅಂಚಿನಲ್ಲೇ ಏಕೆ ನಿಂತುಬಿಡುತ್ತದೆ? ಬಂದರಿನ ಗೇಟು ದಾಟಿ ಲಾರಿ ಹತ್ತಿದ ಕೂಡಲೇ ಅದೇ ಮಳೆ ಲಾರಿಯವನ ತಪ್ಪಾಗುವುದು ಹೇಗೆ?

ಗೇಟಿನಿಂದ ಈಚೆಗೆ ಏನಾಗುತ್ತದೆ ನೋಡಿ. ಬಂದರಿನಲ್ಲಿ ಇಳಿದ ಪೆಟ್ಟಿಗೆಯನ್ನು ಒಯ್ಯಲು ಕೆಲವು ದಿನಗಳು ಬಿಟ್ಟಿ. ಅದು ಮೀರಿದರೆ ನೆಲಬಾಡಿಗೆ. ಹಡಗು ಕಂಪನಿಯ ಕಂಟೇನರನ್ನು ಹೇಳಿದ ದಿನಕ್ಕೆ ಹಿಂದಿರುಗಿಸದಿದ್ದರೆ ಅದಕ್ಕೆ ಬೇರೆ ದಂಡ, ದಿನ ಕಳೆದಂತೆ ಏರುವ ದಂಡ. ಘಟ್ಟದಿಂದ ಕಾಫಿ ತಂದ ಲಾರಿ ಗೇಟು ಮುಚ್ಚುವ ಹೊತ್ತಿಗೆ ಮುಟ್ಟದಿದ್ದರೆ ಆ ಹಡಗು ತಪ್ಪಿತು. ಮುಂದಿನ ಹಡಗಿನವರೆಗೆ ಮತ್ತೆ ಬಾಡಿಗೆ. ಘಟ್ಟ ಮುಚ್ಚಿದೆ ಎಂದರೆ ಸಿಗುವ ಉತ್ತರ, “ಅದು ನಿಮ್ಮ ಕಷ್ಟ” ಎಂದು.

ಈ ದಂಡ ಮಣ್ಣಿನ ಹಾಗೆಯೇ ಕೆಳಮುಖವಾಗಿ ಜಾರುತ್ತದೆ. ಹಡಗು ಕಂಪನಿ ದೊಡ್ಡ ವ್ಯಾಪಾರಿಯ ಮೇಲೆ ಹಾಕುತ್ತದೆ. ಅವನು ಟ್ರಾನ್ಸ್‌ಪೋರ್ಟ್ ಆಫೀಸಿನವನ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾನೆ. ಆಫೀಸಿನವನು ಲಾರಿ ಮಾಲೀಕನಿಗೆ ಮುರಿಯುತ್ತಾನೆ. ಒಂದೋ ಎರಡೋ ಲಾರಿಯ ಆ ಬಡ ಮಾಲೀಕ ಡ್ರೈವರನ ಬಾಟಾ ಮುರಿಯುತ್ತಾನೆ. ಡ್ರೈವರ್ ಯಾರದನ್ನು ಮುರಿಯಬೇಕು? ಹೆಂಡತಿ ಮಕ್ಕಳ ಊಟವನ್ನು.

ಕರಿಹಲಗೆಯ ಮೇಲೆ ಹಾಕುವ ಹಾಗೆ ಒಂದು ಲೆಕ್ಕ ಹಾಕೋಣ. ಅಂಕಿ ನಮ್ಮ ಊಹೆಯವು, ಲೆಕ್ಕದ ರೀತಿ ನಿಜದ್ದು. ಒಬ್ಬ ಡ್ರೈವರಿಗೆ ಟ್ರಿಪ್ಪಿಗೆ 1,500 ರೂಪಾಯಿ ಬಾಟಾ ಎನ್ನಿ. ಒಳ್ಳೆಯ ತಿಂಗಳಲ್ಲಿ 8 ಟ್ರಿಪ್ಪು, ಕೈಗೆ 12,000. ಘಟ್ಟ ಮುಚ್ಚಿದ ತಿಂಗಳಲ್ಲಿ 5 ಟ್ರಿಪ್ಪು; ಕೈಗೆ 7,500. ನಿಂತ 6 ದಿನ ಹೋಟೆಲಿನ ಊಟ, ಸ್ನಾನಕ್ಕೆ ದಿನಕ್ಕೆ 300ರಂತೆ 1,800 ಕಳೆಯಿರಿ. ಮನೆಗೆ ಮುಟ್ಟುವುದು 5,700. ದುಡಿದದ್ದು ಅದೇ ಮೂವತ್ತು ದಿನ, ಬಹುಶಃ ಹೆಚ್ಚು ಕಷ್ಟದ ಮೂವತ್ತು ದಿನ. ಸಂಪಾದನೆ ಅರ್ಧಕ್ಕಿಂತ ಕಡಿಮೆ. ಮಾಲೀಕನ ಕಥೆಯೇನು? ಲಾರಿ ಓಡಲಿ ನಿಲ್ಲಲಿ, ಸಾಲದ ಕಂತು, ವಿಮೆ, ತೆರಿಗೆ ತಪ್ಪವು. ಮಳೆ ಬಂದರೆ ಸಾಲ ಕೊಟ್ಟವನ ಗಡಿಯಾರ ನಿಲ್ಲುತ್ತದೆಯೇ?

ಗಿರಣಿಗೂ ಅಂಗಡಿಗೂ

ಡ್ರೈವರನ ಕಷ್ಟ ಡ್ರೈವರನದು, ನಮಗೇನು ಎಂದು ಯಾರೂ ಎನ್ನದಿರಲಿ. ಕ್ಯೂರಿಂಗ್ ಕಾರ್ಖಾನೆಯಲ್ಲಿ ಸಿದ್ಧವಾದ ಕಾಫಿ ಸಾಗದೆ ಉಗ್ರಾಣ ತುಂಬಿದರೆ ಬೀಜ ಆರಿಸುವವರಿಗೆ “ನಾಳೆ ಬರಬೇಡಿ” ಎನ್ನುತ್ತಾರೆ. ದಿನಗೂಲಿಯವರಿಗೆ ಬರಬೇಡಿ ಎನ್ನುವುದಕ್ಕೆ ಯಾವ ನೋಟೀಸೂ ಬೇಡ. ಕಚ್ಚಾ ಮಾಲು ಬಾರದೆ ಮಿಲ್ಲಿನ ಒಂದು ಪಾಳಿ ನಿಂತರೆ ಬದಲಿ ಕೂಲಿಗಳಿಗೇ ಮೊದಲ ಏಟು. ದಾರಿ ತೆರೆದ ಮೇಲೆ ಹಿಂದಿನ ಸಾಲವನ್ನೆಲ್ಲ ಒಂದೇ ಸಲ ತೀರಿಸುವಂತೆ ಎರಡೆರಡು ಪಾಳಿ ದುಡಿಸುತ್ತಾರೆ. ನಿಂತ ದಿನದ ಕೂಲಿ ಮಾತ್ರ ಹಿಂದಿರುಗುವುದಿಲ್ಲ.

ಸಣ್ಣ ವ್ಯಾಪಾರಿಯ ಪಾಡು ಬೇರೆಯಲ್ಲ. ದೊಡ್ಡ ಮಂಡಿಯವನಿಗೆ ಉಗ್ರಾಣವಿದೆ, ಬ್ಯಾಂಕಿನಲ್ಲಿ ಸಾಲದ ಮಿತಿಯಿದೆ. ದಾರಿ ಮುಚ್ಚುವ ಮೊದಲೇ ತುಂಬಿಸಿಟ್ಟು, ಮುಚ್ಚಿದ ಮೇಲೆ ಬೆಲೆ ಏರಿಸಿ ಮಾರುತ್ತಾನೆ. ಮೂಲೆಯಂಗಡಿಯವನು ವಾರಕ್ಕೊಮ್ಮೆ ತರುವವನು. ಏರಿದ ಬೆಲೆಗೆ ಕೊಳ್ಳಬೇಕು, ನೆರೆಹೊರೆಗೆ ಹಳೆಯ ಬೆಲೆಗೆ ಉದ್ರಿ ಕೊಡಬೇಕು. ಬಿತ್ತನೆಯ ಸಮಯದಲ್ಲಿ ಗೊಬ್ಬರ ಬಾರದೆ ಹೋದರೆ ರೈತ ಬೈಯುವುದು ಬಂದರನ್ನಲ್ಲ, ಎದುರಿಗೆ ಸಿಕ್ಕ ಅಂಗಡಿಕಾರನನ್ನು.

ಮೂಲ ಕಣ್ಣಿಗೆ ಬೀಳದೆ ಹೋದರೆ ಕಷ್ಟದಲ್ಲಿರುವವರೇ ಒಬ್ಬರನ್ನೊಬ್ಬರು ದೂರುತ್ತಾರೆ. ಅಂಗಡಿಕಾರ ಡ್ರೈವರನನ್ನು ಸೋಮಾರಿ ಎನ್ನುತ್ತಾನೆ. ಡ್ರೈವರ್ ಅಂಗಡಿಕಾರನನ್ನು ಜಿಪುಣ ಎನ್ನುತ್ತಾನೆ. ಕೂಲಿಯವಳು ಇಬ್ಬರನ್ನೂ ಕಳ್ಳರೆನ್ನುತ್ತಾಳೆ. ಅಷ್ಟರಲ್ಲಿ ದಂಡದ ಹಣ ಸದ್ದಿಲ್ಲದೆ ತನ್ನ ಜಾಗ ಸೇರಿರುತ್ತದೆ.

ಶಿರೂರಿನ ಚಹದಂಗಡಿ

ಹಣದ ಮಾತು ಹೇಳಿದೆವು. ಜೀವದ ಮಾತು ಉಳಿದಿದೆ. 2024ರ ಜುಲೈ 16ರ ಬೆಳಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಕರಾವಳಿ ಹೆದ್ದಾರಿಯ ಮೇಲೆ ಗುಡ್ಡವೇ ಜರಿದುಬಿತ್ತು. ಅಲ್ಲಿ ಒಂದು ಚಹದಂಗಡಿಯಿತ್ತು. ದೂರ ಪ್ರಯಾಣದ ಲಾರಿಗಳು, ಟ್ಯಾಂಕರುಗಳು ಅಲ್ಲಿ ನಿಲ್ಲುತ್ತಿದ್ದವು. ಮಣ್ಣು ಅಂಗಡಿಯನ್ನೂ ಅದನ್ನು ನಡೆಸುತ್ತಿದ್ದ ಕುಟುಂಬವನ್ನೂ ನಿಂತ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. 11 ಮಂದಿ ಸತ್ತರು ಇಲ್ಲವೇ ಕಣ್ಮರೆಯಾದರು. ಮರ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಒಬ್ಬ ಡ್ರೈವರನ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಎರಡು ತಿಂಗಳು ದಾಟಿದ ಮೇಲೆ, ನದಿಯ ತಳದಲ್ಲಿ. ಅವನ ದೇಹ ಲಾರಿಯೊಳಗೇ ಇತ್ತು. ಆ ನಡುವೆ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಇನ್ನೊಂದು ಲಾರಿ ಹೊಳೆಗೆ ಬಿತ್ತು. ಅದರ ಡ್ರೈವರ್ ಹೇಗೋ ಬದುಕಿದ.

ಆ ಡ್ರೈವರುಗಳು ಯಾಕೆ ಗುಡ್ಡದ ಬುಡದಲ್ಲಿ ನಿಂತರು ಎಂದು ಕೇಳುವವರಿದ್ದಾರೆ. ಎಲ್ಲಿ ನಿಲ್ಲಬೇಕಿತ್ತು? ರಾತ್ರಿಯಿಡೀ ಓಡಿಸಿದವನಿಗೆ ಒಂದು ಲೋಟ ಚಹ ಬೇಕು, ಗಳಿಗೆ ಹೊತ್ತು ಕಣ್ಣು ಮುಚ್ಚಬೇಕು. ಅದಕ್ಕೆ ಭದ್ರವಾದ ಜಾಗವನ್ನು ಹೆದ್ದಾರಿ ಮಾಡಿದವರು ಮಾಡಿಕೊಟ್ಟಿದ್ದರೆ? ದಾರಿಯ ಸುಂಕ ಎತ್ತಲು ಕಟ್ಟೆ ಕಟ್ಟುವ ಜಾಣರಿಗೆ ದಾರಿಹೋಕನನ್ನು ನಿಲ್ಲಿಸಲು ಒಂದು ಬಯಲು ಹುಡುಕುವುದು ಕಷ್ಟವೇ?

ದೇವರ ಹೆಸರಿನಲ್ಲಿ

ಕಾನೂನಿನಲ್ಲಿ ಒಂದು ಮಾತಿದೆ, “ದೈವಕೃತ್ಯ” ಎಂದು. ಮನುಷ್ಯನ ಕೈಮೀರಿದ ಪ್ರಕೃತಿವಿಕೋಪಕ್ಕೆ ಯಾರನ್ನೂ ಹೊಣೆ ಮಾಡಬಾರದು ಎಂಬುದು ಅದರ ಸಾರ. ಮಳೆ ಸುರಿಸುವುದು ದೇವರ ಕೆಲಸವೆಂದೇ ಇಟ್ಟುಕೊಳ್ಳೋಣ. ಗುಡ್ಡದ ಬುಡವನ್ನು ಗೋಡೆಯಂತೆ ನೆಟ್ಟಗೆ ಕತ್ತರಿಸಿದ್ದು ಯಾರು? ಇಳಿಜಾರು ಗುಡ್ಡ ತನ್ನ ಪಾದದ ಮೇಲೆ ನಿಂತಿರುತ್ತದೆ. ರಸ್ತೆ ಅಗಲಿಸಲು ಆ ಪಾದವನ್ನು ಕಡಿದು, ಮೇಲಿನ ಮರ ತೆಗೆದು, ನೀರು ಹರಿಯುವ ತೋಡು ಮುಚ್ಚಿದರೆ ಮೇಲಿನ ಮಣ್ಣು ನೀರು ಕುಡಿದು ಭಾರವಾಗಿ ಕೆಳಗಿಳಿಯುತ್ತದೆ. ಇದನ್ನು ತಿಳಿಯಲು ದೊಡ್ಡ ಎಂಜಿನಿಯರ್ ಆಗಬೇಕಿಲ್ಲ. ಗದ್ದೆಯ ಅಂಚು ಕಡಿದ ರೈತನನ್ನು ಕೇಳಿದರೆ ಸಾಕು. ಪಶ್ಚಿಮ ಘಟ್ಟವನ್ನು ನೋಡಿ ನಡೆಯಿರಿ ಎಂದು ಮಾಧವ ಗಾಡ್ಗೀಳರ ಸಮಿತಿ 2011ರಲ್ಲೇ ವರದಿ ಕೊಟ್ಟಿತು. ಆ ವರದಿಯ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಗುಡ್ಡ ವರದಿ ಓದುವುದಿಲ್ಲ, ಕಡಿದರೆ ಬೀಳುತ್ತದೆ.

ಮಳೆ ದೈವಕೃತ್ಯವಿರಬಹುದು. ಕಡಿತ ಮಾನವಕೃತ್ಯ. ಇನ್ನು, ನಷ್ಟವನ್ನು ಬಡವನ ತಲೆಗೆ ಕಟ್ಟುವುದು ಪೂರಾ ಮಾನವಕೃತ್ಯ. ಅದರಲ್ಲಿ ದೇವರನ್ನು ಎಳೆಯುವುದು ಬೇಡ.

ಆಗದೆಂಬ ಮಾತು ಸುಳ್ಳು

“ದಂಡ ನಿಲ್ಲಿಸಲು ಬರುವುದಿಲ್ಲ, ನಿಯಮ ಒಪ್ಪುವುದಿಲ್ಲ” ಎಂದು ಹೇಳುವ ಅಧಿಕಾರಿಗಳಿಗೆ ನಾವು ಒಂದು ವರ್ಷವನ್ನು ನೆನಪಿಸುತ್ತೇವೆ. 2020ರ ಮಾರ್ಚಿನಲ್ಲಿ ಕೊರೋನಾ ಲಾಕ್‌ಡೌನ್ ಆಯಿತು. ಸರಕು ಒಯ್ಯಲು ಲಾರಿಯಿಲ್ಲ, ಆಳಿಲ್ಲ. ಆಗ ಕೇಂದ್ರ ಸರಕಾರ ಪ್ರಮುಖ ಬಂದರುಗಳಿಗೆ ಆದೇಶ ಕೊಟ್ಟಿತು: ಲಾಕ್‌ಡೌನ್‌ನಿಂದಾದ ವಿಳಂಬಕ್ಕೆ ದಂಡ, ಡೆಮರೇಜು, ಬಾಡಿಗೆ ವಸೂಲು ಮಾಡಕೂಡದು. ಕಂಟೇನರ್ ತಡವಾದುದಕ್ಕೆ ದಂಡ ಹಾಕಬೇಡಿರೆಂದು ಹಡಗು ಕಂಪನಿಗಳಿಗೂ ಸೂಚನೆ ಹೋಯಿತು. ನಿಯಮಗಳು ಒಪ್ಪಿದವು! ಬಂದರುಗಳು ಮುಳುಗಲಿಲ್ಲ. ದೇಶಕ್ಕೆಲ್ಲ ಬಾಗಿಲು ಹಾಕಿದಾಗ ನಿಲ್ಲಬಲ್ಲ ಗಡಿಯಾರ ಒಂದು ಘಟ್ಟಕ್ಕೆ ಬಾಗಿಲು ಹಾಕಿದಾಗ ಏಕೆ ನಿಲ್ಲಬಾರದು?

ದುಡಿಯುವವನ ಪರವಾಗಿಯೂ ಕಾನೂನು ಇಲ್ಲವೆಂದಲ್ಲ. 1961ರಲ್ಲೇ ಸಂಸತ್ತು ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಮಾಡಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಸಾಮಾನ್ಯ ಮಿತಿ ಹಾಕಿತು. ಆದರೆ ಅದು ಹಿಡಿದದ್ದು ಐದು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳನ್ನು. ಒಂದೆರಡು ಲಾರಿಯ ಮಾಲೀಕನ ಬಳಿ ದುಡಿಯುವ ಡ್ರೈವರ್, ಕ್ಲೀನರ್ ಹೊರಗೇ ಉಳಿದರು. 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆಯೊಳಗೆ ಆ ಕಾಯಿದೆಯನ್ನು ಸೇರಿಸಿದ್ದಾರೆ. ನಮ್ಮ ರಾಜ್ಯವು 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ಬೇರೆ ಕಾನೂನನ್ನೇ ಮಾಡಿತು. ಸ್ವಾಗತ. ಆದರೆ ಸತ್ತ ಮೇಲೆ ಪರಿಹಾರ ಕೊಡುವುದು ಒಂದು, ಘಟ್ಟದಲ್ಲಿ ಸಿಕ್ಕಿಕೊಂಡ ವಾರ ಊಟ ಕೊಡುವುದು ಇನ್ನೊಂದು. ಎರಡನೆಯದರ ಮಾತೂ ಬರಲಿ.

ನಮ್ಮ ಬೇಡಿಕೆಗಳು ದೊಡ್ಡವಲ್ಲ:

1. ಜಿಲ್ಲಾಧಿಕಾರಿಗಳು ಘಟ್ಟ ಮುಚ್ಚಿದ ಆದೇಶದಲ್ಲಿ ದಿನವೂ ಗಂಟೆಯೂ ಇರುತ್ತವೆ. ಆ ಗಂಟೆಯಿಂದ ದಾರಿ ತೆರೆಯುವ ಗಂಟೆಯವರೆಗೆ, ಆ ದಾರಿಯ ಸರಕಿನ ಮೇಲೆ ಬಂದರಿನ ನೆಲಬಾಡಿಗೆಯೂ ಕಂಟೇನರ್ ದಂಡವೂ ತಾನಾಗಿ ನಿಲ್ಲಬೇಕು. ಅರ್ಜಿ ಹಿಡಿದು ಅಲೆಯುವಂತಾಗಬಾರದು.

2. ಲಾರಿ ಬಾಡಿಗೆಯ ಚೀಟಿಯಲ್ಲಿ ನಿಂತ ದಿನದ ಬಾಟಾ, ಊಟದ ಖರ್ಚು ಬರೆಯಬೇಕು. ಅದನ್ನು ಮಾಲೀಕನೊಬ್ಬನೇ ಹೊರದೆ ಸರಕಿನ ಒಡೆಯನೂ ಹಂಚಿಕೊಳ್ಳಬೇಕು. ಸಣ್ಣ ಮಾಲೀಕರ ಆ ತಿಂಗಳ ಕಂತು ಬಡ್ಡಿಯಿಲ್ಲದೆ ಮುಂದೆ ಹೋಗಬೇಕು.

3. ಘಟ್ಟದ ಮೇಲೂ ಕೆಳಗೂ ಗುಡ್ಡದಿಂದ ದೂರದ ಬಯಲಿನಲ್ಲಿ ಲಾರಿ ತಂಗುದಾಣ ಬೇಕು. ಶೌಚಗೃಹ, ಕುಡಿಯುವ ನೀರು, ದೀಪ, ಅಗ್ಗದ ಊಟ ಇರಲಿ. ದಾರಿ ಮುಚ್ಚುವ ಸುದ್ದಿ ಅಲ್ಲೇ ಹಲಗೆಯ ಮೇಲೆ ಸಿಗಲಿ.

4. ಗುಡ್ಡ ಕಡಿದ ಗುತ್ತಿಗೆದಾರನ ಹೊಣೆ ರಸ್ತೆ ಉದ್ಘಾಟನೆಯ ದಿನ ಮುಗಿಯಬಾರದು. ಇಳಿಜಾರು ಭದ್ರವೆಂದು ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಪರೀಕ್ಷೆಯಾಗಿ, ವರದಿ ಪಂಚಾಯತಿ ಕಚೇರಿಯಲ್ಲಿ ಸಾರ್ವಜನಿಕರಿಗೆ ಸಿಗಬೇಕು.

5. ರೈಲಿನಲ್ಲಿ ಸಣ್ಣ ವ್ಯಾಪಾರಿಗೂ ಜಾಗ ಬೇಕು. ಸಕಲೇಶಪುರ-ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ ಕೊರೆದು ಹಳಿ ಹಾಕಿದ ದೇಶ ನಮ್ಮದು. ಆದರೆ ಒಂದು ಗಾಡಿಯ ತುಂಬ ಸರಕಿದ್ದವನಿಗೆ ಮಾತ್ರ ಅದರ ಉಪಯೋಗ. ಕೊಂಕಣ ರೈಲ್ವೆ 1999ರಿಂದ ಲಾರಿಗಳನ್ನೇ ವ್ಯಾಗನ್ನಿನ ಮೇಲೆ ಹತ್ತಿಸಿ ಒಯ್ಯುತ್ತ ಬಂದು, ಮುಂದೆ ಸುರತ್ಕಲ್ಲಿನವರೆಗೂ ಆ ಸೌಕರ್ಯ ತಂದಿತು. ಹತ್ತು ಜನ ಸಣ್ಣವರ ಸರಕು ಕೂಡಿಸಿ ಒಯ್ಯುವ ಏರ್ಪಾಡು ನಮ್ಮ ಘಟ್ಟದ ಹಳಿಯಲ್ಲೂ ಆಗಲಿ.

ಇದಕ್ಕೆ ಎದುರು ಮಾತು ಬರುತ್ತದೆ. ದಂಡವಿಲ್ಲದಿದ್ದರೆ ಸರಕು ಬಂದರಿನಲ್ಲೇ ಕೊಳೆಯುತ್ತದೆ, ಬೇರೆಯವರ ಹಡಗಿಗೆ ಜಾಗ ಇರುವುದಿಲ್ಲ ಎಂದು. ಈ ಮಾತಿನಲ್ಲಿ ಹುರುಳಿದೆ; ನಾವು ತಳ್ಳಿಹಾಕುವುದಿಲ್ಲ. ದಾರಿ ತೆರೆದಿದ್ದೂ ಸರಕು ಒಯ್ಯದವನಿಗೆ, ಬೆಲೆ ಏರಲೆಂದು ಬೇಕೆಂದೇ ಕೂಡಿಡುವವನಿಗೆ ದಂಡ ಹಾಕಲಿ, ಇಮ್ಮಡಿ ಹಾಕಲಿ. ದಂಡ ಎಂಬುದು ತಪ್ಪಿಗೆ. ಸರಕಾರವೇ ದಾರಿ ಮುಚ್ಚಿ, ಸರಕಾರದ ಬಂದರೇ “ಏಕೆ ಬರಲಿಲ್ಲ” ಎಂದು ದಂಡ ಹಾಕುವುದು ಯಾವ ನ್ಯಾಯ? ಶಾಲೆಗೆ ಬೀಗ ಹಾಕಿ, ಗೈರುಹಾಜರಿಗೆ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ.

ಇನ್ನು ಕೆಲವರು ಸುರಂಗ ದಾರಿಯ ಕನಸು ತೋರಿಸುತ್ತಾರೆ. ಶಿರಾಡಿಯ ಸುರಂಗದ ಮಾತು ಹಲವು ವರ್ಷಗಳಿಂದ ಕೇಳುತ್ತಿದ್ದೇವೆ. ಆಗುವುದಾದರೆ ಕಾಡು ಹೊಳೆಗಳನ್ನು ಉಳಿಸಿಕೊಂಡು ಆಗಲಿ. ಆದರೆ ನಾಳಿನ ಸುರಂಗ ಇಂದಿನ ಊಟಕ್ಕೆ ಬದಲಲ್ಲ. ಮೇಲೆ ಹೇಳಿದ ಐದರಲ್ಲಿ ಮೊದಲೆರಡಕ್ಕೆ ಒಂದು ಬುಟ್ಟಿ ಮಣ್ಣನ್ನೂ ಅಗೆಯಬೇಕಿಲ್ಲ. ಶಾಯಿ ಕಾಗದ ಸಾಕು, ಮನಸ್ಸು ಸಾಕು.

ಮಳೆ ಬರುವ ಮೊದಲು ನಾವೇನು ಮಾಡಬೇಕು? ಗಿರಣಿ ಕಾರ್ಮಿಕರು, ಹಮಾಲಿಗಳು, ಡ್ರೈವರ್ ಕ್ಲೀನರುಗಳು, ಸಣ್ಣ ಲಾರಿ ಮಾಲೀಕರು, ಮೂಲೆಯಂಗಡಿಯವರು ಒಂದೇ ಚಾಪೆಯ ಮೇಲೆ ಕೂರಬೇಕು. ಒಂದೊಂದು ಪುಸ್ತಕ ಇಡಿ. ಯಾವ ದಿನ ದಾರಿ ಮುಚ್ಚಿತು, ಎಷ್ಟು ದಿನ ನಿಂತಿರಿ, ಎಷ್ಟು ಕೂಲಿ ಹೋಯಿತು, ಯಾರಿಗೆ ಎಷ್ಟು ದಂಡ ಕಟ್ಟಿದಿರಿ, ಎಲ್ಲ ಬರೆಯಿರಿ. ರಶೀದಿಯನ್ನು ಜೋಪಾನ ಮಾಡಿ. ಅಕ್ಷರ ಬಾರದವರು ಬರುವವರಿಂದ ಬರೆಸಿ. ನಮ್ಮ ಮಾತು ದೂರು ಎನಿಸಿದರೆ ಕಸದಬುಟ್ಟಿಗೆ ಹೋಗುತ್ತದೆ. ಲೆಕ್ಕವಾದರೆ ಮೇಜಿನ ಮೇಲೆ ಉಳಿಯುತ್ತದೆ. ಎಲ್ಲರ ಪುಸ್ತಕ ಕೂಡಿಸಿ ಒಂದೇ ಮನವಿಯಾಗಿ ಜಿಲ್ಲಾಧಿಕಾರಿಗಳ ಕೈಗೂ ಬಂದರು ಮಂಡಳಿಗೂ ಶಾಸಕರಿಗೂ ಮುಟ್ಟಿಸೋಣ.

ಮೋಡ ತಡೆಯುವ ಶಕ್ತಿ ಯಾವ ಸರಕಾರಕ್ಕೂ ಇಲ್ಲ. ಅದನ್ನು ನಾವು ಕೇಳುತ್ತಲೂ ಇಲ್ಲ. ಹಡಗಿನ ಕರಾರಿನಲ್ಲಿ ಮಳೆಗೆ ಒಂದು ಸಾಲು ಸಿಕ್ಕಿದೆ. ಲಾರಿಯವನ ಚೀಟಿಯಲ್ಲೂ ಕೂಲಿಯವಳ ಪುಸ್ತಕದಲ್ಲೂ ಅದೇ ಒಂದು ಸಾಲು ಬರೆಯಿರಿ ಎಂದು ಕೇಳುತ್ತಿದ್ದೇವೆ. ಈ ಮಳೆಗಾಲ ಮುಗಿಯುವುದರೊಳಗೆ ಅದನ್ನು ಬರೆಸಿಕೊಳ್ಳುವುದು ನಮ್ಮ ಒಗ್ಗಟ್ಟಿಗೆ ಬಿಟ್ಟದ್ದು.